ಹೊಸ ಕಾರೋ, ಸೆಕೆಂಡ್ ಹ್ಯಾಂಡೋ?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿಹೋದರು. ಅವರು ಇಂದು ಇದ್ದಿದ್ದರೆ ‘ಕಾರು ಕೊಂಡು ನೋಡು’ ಎಂಬ ಮೂರನೆಯ ಮಾತನ್ನೂ ಸೇರಿಸದೆ ಬಿಡುತ್ತಿರಲಿಲ್ಲ. ಆ ಮಾತಿನ ಅರ್ಥ ನನಗೆ ತಿಳಿದುದು 2023ರಲ್ಲಿ.

ಹಾಸನದ ನಮ್ಮ ಮನೆಯಲ್ಲಿ ನಾವು ಐದು ಮಂದಿ. ತಂದೆ, ತಾಯಿ, ನನ್ನ ಮಡದಿ, ಹೈಸ್ಕೂಲಿಗೆ ಹೋಗುವ ಮಗಳು ಮತ್ತು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ನಾನು. ತಂದೆಯವರ ಕಣ್ಣಿನ ಚಿಕಿತ್ಸೆಗಾಗಿ ಎರಡು ತಿಂಗಳಿಗೊಮ್ಮೆ ಶಿರಾಡಿ ಘಟ್ಟವನ್ನಿಳಿದು ಮಂಗಳೂರಿಗೆ ಹೋಗಬೇಕು. ಹನ್ನೆರಡು ವರ್ಷ ಸವೆದಿದ್ದ ನಮ್ಮ ಪುಟ್ಟ ಕಾರು ಐವರನ್ನು ಹೊತ್ತು ಘಟ್ಟ ಹತ್ತುವಾಗ ಏದುಸಿರು ಬಿಡುತ್ತಿತ್ತು. ಹಿಂದಿನ ಸೀಟಿನಲ್ಲಿ ಮಗಳು ಅಜ್ಜ ಅಜ್ಜಿಯರ ನಡುವೆ ಅರ್ಧ ಕುಳಿತು, ಅರ್ಧ ತೇಲುತ್ತ ಬರುತ್ತಿದ್ದಳು. ಒಂದು ಮಳೆಗಾಲದ ರಾತ್ರಿ ಘಟ್ಟದ ತಿರುವಿನಲ್ಲಿ ಬ್ರೇಕು ತಡವಾಗಿ ಹಿಡಿಯಿತು. ಅನಾಹುತವೇನೂ ಆಗಲಿಲ್ಲ. ಆದರೆ ಮನೆ ಸೇರುವವರೆಗೆ ಯಾರೂ ಮಾತನಾಡಲಿಲ್ಲ. ಮರುದಿನವೇ ನಾನು ಕಾರು ಹುಡುಕಲು ಹೊರಟೆ.

ಸೆಡಾನ್ ಎಂದರೇನು?

ನಮ್ಮ ತಂದೆಯವರ ಕಾಲದಲ್ಲಿ ಈ ಹುಡುಕಾಟಕ್ಕೆ ಎಡೆಯೇ ಇರಲಿಲ್ಲ. 1957ರಲ್ಲಿ ಬಂದು 2014ರವರೆಗೆ ತಯಾರಾದ ಅಂಬಾಸಿಡರು ಒಂದು. ಮುಂದೆ ಪ್ರೀಮಿಯರ್ ಪದ್ಮಿನಿ ಎಂದು ಹೆಸರಾದ ಫಿಯಟ್ಟು ಇನ್ನೊಂದು. ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಆ ದಿನಗಳಲ್ಲಿ ಸಿಕ್ಕಿದ್ದೇ ಭಾಗ್ಯ. ಇಂದಿನ ಕಷ್ಟ ತದ್ವಿರುದ್ಧವಾದುದು: ಆಯ್ಕೆ ಹೆಚ್ಚಾಗಿ ತಲೆ ತಿರುಗುತ್ತದೆ.

ಮುಂದೆ ಎಂಜಿನ್, ನಡುವೆ ಜನ, ಹಿಂದೆ ಸಾಮಾನಿಗೆ ಪ್ರತ್ಯೇಕವಾದ ಡಿಕ್ಕಿ, ಹೀಗೆ ಮೂರು ಭಾಗಗಳುಳ್ಳ ಕಾರು ಸೆಡಾನ್. ಇದರಲ್ಲೇ ಎರಡು ಪಂಗಡಗಳಿವೆ. ನಾಲ್ಕು ಮೀಟರಿಗಿಂತ ಕಡಿಮೆ ಉದ್ದದ ಡಿಸೈರ್, ಅಮೇಜ್ ಮೊದಲಾದವು ಒಂದು. ಅದಕ್ಕಿಂತ ಉದ್ದವಾದ ಸಿಟಿ, ವೆರ್ನಾ, ಸ್ಲಾವಿಯಾ, ವರ್ಟಸ್ ಮೊದಲಾದ ಮಧ್ಯಮ ಗಾತ್ರದವು ಇನ್ನೊಂದು. ಈ ನಾಲ್ಕು ಮೀಟರಿನ ಗೆರೆ ತೆರಿಗೆಯವರು ಎಳೆದದ್ದು. 2025ರ ಸೆಪ್ಟೆಂಬರ್ 22ರಿಂದ ಗೆರೆಯ ಈಚೆಗಿನ ಸಣ್ಣ ಎಂಜಿನ್ನಿನ ಕಾರುಗಳಿಗೆ ಜಿ.ಎಸ್.ಟಿ. ಶೇಕಡ 18, ಆಚೆಗಿನವುಗಳಿಗೆ ಶೇಕಡ 40. ಆಚೆಗಿನವುಗಳಿಗೂ ಸೆಸ್ಸು ಸೇರಿ ಮೊದಲು ಇದಕ್ಕಿಂತ ಹೆಚ್ಚಿತ್ತೆನ್ನುವುದು ಸಮಾಧಾನದ ಮಾತು.

ಐವರ ಸಂಸಾರಕ್ಕೆ ಮಧ್ಯಮ ಗಾತ್ರವೇ ಏಕೆ ಬೇಕು? ಹಿಂದಿನ ಸೀಟಿನ ಅಗಲವೂ ಡಿಕ್ಕಿಯ ಆಳವೂ ಇದಕ್ಕೆ ಉತ್ತರ. ವೆರ್ನಾದ ಡಿಕ್ಕಿ 528 ಲೀಟರು, ಸ್ಲಾವಿಯಾದ್ದು 521, ಸಿಟಿಯದು 506. ಊರಿನಿಂದ ಬರುವಾಗ ಅಕ್ಕಿಯ ಮೂಟೆ, ತೆಂಗಿನಕಾಯಿ, ಹಲಸಿನ ಹಣ್ಣು ಎಲ್ಲವೂ ಕಾಲಡಿಯಿಂದ ಡಿಕ್ಕಿಗೆ ಸರಿದರೆ ಮುದುಕರ ಪಯಣ ಎಷ್ಟು ಹಗುರಾಗುವುದೆಂಬುದನ್ನು ಅನುಭವಿಸಿದವರೇ ಬಲ್ಲರು.

ಹಾಸಿಗೆ ಎಷ್ಟು, ಕಾಲೆಷ್ಟು?

ನನ್ನ ಕೈಯಲ್ಲಿ ಕೂಡಿಟ್ಟ ಹಣವಿದ್ದುದು 4 ಲಕ್ಷ ರೂಪಾಯಿ. ಒಂದು ರಾತ್ರಿ ಮಡದಿಯೂ ನಾನೂ ಕಾಗದ ಪೆನ್ಸಿಲು ಹಿಡಿದು ಲೆಕ್ಕಕ್ಕೆ ಕುಳಿತೆವು. ವಾಚಕರ ಅನುಕೂಲಕ್ಕಾಗಿ ಅಂಕಿಗಳನ್ನು ಸರಳಗೊಳಿಸಿ ಹೇಳುತ್ತೇನೆ.

ಷೋರೂಮಿನ ಬೆಲೆ 13 ಲಕ್ಷವೆನ್ನಿ. ಕರ್ನಾಟಕದಲ್ಲಿ 10ರಿಂದ 20 ಲಕ್ಷದೊಳಗಿನ ಕಾರಿಗೆ ಆಜೀವ ರಸ್ತೆ ತೆರಿಗೆ ಶೇಕಡ 17. ಅದೇ 2,21,000 ರೂಪಾಯಿ. ಅದರ ಮೇಲೆ ಸೆಸ್ಸು ಬೇರೆ. ವಿಮೆಯನ್ನೂ ಕೂಡಿಸಿದರೆ ಕಾರು ರಸ್ತೆಗಿಳಿಯುವಾಗ ಹತ್ತಿರ ಹತ್ತಿರ 16 ಲಕ್ಷ. ನಮ್ಮ 4 ಲಕ್ಷ ಕಳೆದು ಉಳಿದ 12 ಲಕ್ಷಕ್ಕೆ ಶೇಕಡ 9ರ ಬಡ್ಡಿಯಲ್ಲಿ ಐದು ವರ್ಷದ ಸಾಲ ಮಾಡಿದರೆ ತಿಂಗಳ ಕಂತು ಸುಮಾರು 24,900 ರೂಪಾಯಿ. ಬಡ್ಡಿಯೊಂದೇ 3 ಲಕ್ಷಕ್ಕೆ ಸಮೀಪ.

ಅದೇ ಜಾತಿಯ ನಾಲ್ಕು ವರ್ಷ ಓಡಿದ ಕಾರು 8 ಲಕ್ಷಕ್ಕೆ ದೊರೆತರೆ ಸಾಲ 4 ಲಕ್ಷವಷ್ಟೆ. ಹಳೆಯ ಕಾರಿನ ಸಾಲಕ್ಕೆ ಬಡ್ಡಿ ಹೆಚ್ಚು. ಶೇಕಡ 12 ಎಂದೇ ಇಟ್ಟುಕೊಳ್ಳೋಣ. ಮೂರು ವರ್ಷದ ಕಂತು ಸುಮಾರು 13,300. ಬಡ್ಡಿ 80 ಸಾವಿರದೊಳಗೆ. ಮಗಳು ಕಾಲೇಜು ಸೇರುವ ವೇಳೆಗೆ ಒಂದು ಸಾಲ ತೀರಿರುತ್ತದೆ, ಇನ್ನೊಂದು ಆಗತಾನೆ ಮಧ್ಯಕ್ಕೆ ಬಂದಿರುತ್ತದೆ. ಮಡದಿ ಪೆನ್ಸಿಲು ಕೆಳಗಿಟ್ಟು, “ಕಾರಿಗೆ ಕಂತು ಕಟ್ಟೋದೋ, ಮಗಳಿಗೆ ಫೀಸು ಕಟ್ಟೋದೋ, ನೀವೇ ಹೇಳಿ” ಎಂದಳು. ನಾನು ಹೇಳುವುದೇನಿತ್ತು?

ಕಾರಿನ ಬೆಲೆ ಇಷ್ಟು ವೇಗವಾಗಿ ಇಳಿಯುವುದು ಅದು ಕೆಟ್ಟಿತೆಂದಲ್ಲ. ವಿಮೆಯವರ ರೂಢಿಯ ಲೆಕ್ಕದಲ್ಲಿಯೇ ಎರಡು ವರ್ಷ ತುಂಬಿದ ಕಾರಿನ ಮೌಲ್ಯದಲ್ಲಿ ಶೇಕಡ 30, ಮೂರು ತುಂಬಿದರೆ 40, ನಾಲ್ಕು ತುಂಬಿದರೆ 50 ಕಡಿತ. ಮೊದಲ ಒಡೆಯ ಕಟ್ಟಿದ ಆಜೀವ ತೆರಿಗೆಯನ್ನು ಅದೇ ರಾಜ್ಯದ ಎರಡನೆಯ ಒಡೆಯ ಮತ್ತೆ ಕಟ್ಟಬೇಕಾಗಿಲ್ಲ. ಬೇರೆ ರಾಜ್ಯದ ಕಾರಾದರೆ ನಿರಾಕ್ಷೇಪಣಾ ಪತ್ರವೂ ಬೇಕು, ಇಲ್ಲಿ ತೆರಿಗೆಯೂ ತೆರಬೇಕು. ಅಗ್ಗವೆಂದು ಗಡಿಯಾಚೆ ಕೊಳ್ಳುವವರು ಇದನ್ನು ಮರೆಯುತ್ತಾರೆ.

ಬೆಳ್ಳಗಿರುವುದೆಲ್ಲ ಹಾಲಲ್ಲ

ಹೀಗೆ ನಿಶ್ಚಯಿಸಿಕೊಂಡು ಬೆಂಗಳೂರಿಗೆ ಹೋದೆ. ಅಲ್ಲಿ ಒಂದು ಬಿಳಿಯ ಸೆಡಾನ್ ಕಂಡಿತು. 2021ರ ಗಾಡಿ, ಓಡಿದ್ದು 18 ಸಾವಿರ ಕಿಲೋಮೀಟರು, ಮುಖ ನೋಡಿಕೊಳ್ಳುವಷ್ಟು ಹೊಳಪು, ಬೆಲೆಯಲ್ಲಿ ಒಂದು ಲಕ್ಷ ಕಡಿಮೆ. ಮುಂಗಡ ಕೊಟ್ಟೇಬಿಡುತ್ತಿದ್ದೆ. ಜೊತೆಗೆ ಬಂದಿದ್ದ ನಮ್ಮ ಬಡಾವಣೆಯ ಮೆಕ್ಯಾನಿಕ್, “ತಡೀರಿ ಮೇಷ್ಟ್ರೇ” ಎಂದರು.

ಅವರು ಎಂಜಿನ್ನಿನ ಕಡೆಗೆ ನೋಡಲೂ ಇಲ್ಲ. ಡಿಕ್ಕಿಯ ಹಾಸನ್ನೆತ್ತಿ ಸ್ಟೆಪ್ನಿಯನ್ನು ಹೊರಗೆ ತೆಗೆದರು. ಅದರಡಿಯ ಗುಂಡಿಯಲ್ಲಿ ಒಣಗಿದ ಕೆಸರಿನ ಪುಡಿ, ಜಾಕಿಗೆ ತುಕ್ಕು. ಹಿಂದಿನ ಸೀಟಿನ ಬೆಲ್ಟನ್ನು ಕಡೆಯವರೆಗೆ ಎಳೆದರು. ಕೊನೆಯ ಗೇಣಿನಲ್ಲಿ ಕಂದು ಬಣ್ಣದ ಗೆರೆಯೊಂದು ಮೂಡಿತ್ತು. “ಇಲ್ಲೀತನಕ ನೀರು ನಿಂತಿತ್ತು, ಸಾರ್” ಎಂದಷ್ಟೇ ಹೇಳಿದರು.

2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ಮಳೆಯ ನೀರು ನುಗ್ಗಿ ಕಾರುಗಳು ಮುಳುಗಿದ ಚಿತ್ರಗಳನ್ನು ವಾಚಕರು ನೋಡಿರಬಹುದು. ಈ ಕಾರು ಎಲ್ಲಿ ಮುಳುಗಿತ್ತೋ ನಾನರಿಯೆ. ನೀರು ಕುಡಿದ ಕಾರಿನ ತಂತಿಗಳು, ಏರ್‌ಬ್ಯಾಗಿನ ಜೋಡಣೆಗಳು ಒಳಗೊಳಗೇ ಕೊಳೆಯುತ್ತ ಹೋಗಿ, ವರ್ಷದ ಮೇಲೆ ಘಟ್ಟದ ನಡುವೆ ಕೈಕೊಡಬಹುದು. ಆ ಮಳೆಗಾಲದ ರಾತ್ರಿ ನೆನಪಾಯಿತು. ಜೇಬಿನಿಂದ ಅರ್ಧ ಹೊರಬಂದಿದ್ದ ಕೈಯನ್ನು ಒಳಗೆ ಸೇರಿಸಿದೆ.

ಪಾಠಾಂತರಗಳ ಪರಿಶೀಲನೆ

ಬರುವಾಗ ಬಸ್ಸಿನಲ್ಲಿ ನನಗೊಂದು ವಿಚಾರ ಹೊಳೆಯಿತು. ಓಲೆಗರಿಯ ಗ್ರಂಥವನ್ನು ಸಂಪಾದಿಸುವ ಪಂಡಿತ ಒಂದೇ ಪ್ರತಿಯನ್ನು ನಂಬುವುದಿಲ್ಲ. ನಾಲ್ಕಾರು ಪ್ರತಿಗಳನ್ನು ಎದುರಿಟ್ಟುಕೊಂಡು ಪಾಠ ಪಾಠಕ್ಕೂ ಹೋಲಿಸಿ ನಿಜವಾವುದೆಂದು ಗೊತ್ತುಮಾಡುತ್ತಾನೆ. ಹಳೆಯ ಕಾರನ್ನು ಓದಬೇಕಾದ ಕ್ರಮವೂ ಇದೇ.

ಓಡೋಮೀಟರು ಒಂದು ಪ್ರತಿ, ಅದನ್ನು ತಿದ್ದಬಹುದು. ಸರ್ವೀಸಿನ ದಾಖಲೆ ಎರಡನೆಯದು. ಪ್ರತಿ ಸಲವೂ ಬರೆದ ಕಿಲೋಮೀಟರು ಏರುತ್ತ ಬಂದಿದೆಯೇ ನೋಡಿ. ಕ್ಲಚ್ಚಿನ ಪೆಡಲು, ಸ್ಟಿಯರಿಂಗಿನ ಚರ್ಮ, ಚಾಲಕನ ಸೀಟಿನ ಅಂಚು ಮೂರನೆಯ ಪ್ರತಿ. 18 ಸಾವಿರ ಓಡಿದ ಗಾಡಿಯ ಪೆಡಲು ಸವೆದು ನುಣ್ಣಗಾಗಿರದು. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 3219 ಎಂದಿದ್ದರೆ 2019ನೆಯ ಇಸವಿಯ 32ನೆಯ ವಾರ ತಯಾರಾದುದೆಂದು ಅರ್ಥ. ಕಡಿಮೆ ಓಡಿದ ಹಳೆಯ ಗಾಡಿಗೆ ನಾಲ್ಕೂ ಟೈರು ಹೊಸತೇಕೆ ಎಂದು ಕೇಳಬೇಡವೆ? ಬಾನೆಟ್ಟಿನ ಬೋಲ್ಟುಗಳ ಬಣ್ಣ ಕಿತ್ತಿದ್ದರೆ ಅಪಘಾತದ ಶಂಕೆ. ಇವೆಲ್ಲ ಒಂದೇ ಕಥೆ ಹೇಳಿದರೆ ಕಾರು ನಂಬಿಕಸ್ಥ. ಒಂದೊಂದು ಒಂದೊಂದು ಹೇಳಿದರೆ ನಮಸ್ಕಾರ ಹೇಳಿ ಬನ್ನಿ.

ಹೆಸರಿನ ವಿಷಯದಲ್ಲಿಯೂ ಎಚ್ಚರ ಬೇಕು. ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಸ್ಲಾವಿಯಾ, ವರ್ಟಸ್‌ಗಳೂ ವೆರ್ನಾವೂ 2023ರಲ್ಲಿ ಐದು ನಕ್ಷತ್ರ ಪಡೆದವು. ಆದರೆ ಆ ವೆರ್ನಾ 2023ರಲ್ಲಿ ಬಂದ ಹೊಸ ಒಡಲು. ಅದಕ್ಕೂ ಹಿಂದಿನ ವೆರ್ನಾ ಕೊಳ್ಳುವವರು ಹೆಸರೊಂದೇ ಎಂದು ನಕ್ಷತ್ರಗಳನ್ನು ಅದರ ಹಣೆಗೆ ಅಂಟಿಸಬಾರದು. ಈಗ ಬಂಕುಗಳಲ್ಲಿ ಶೇಕಡ 20 ಎಥನಾಲ್ ಬೆರೆತ ಪೆಟ್ರೋಲು ಸಾಮಾನ್ಯವಾಗಿದೆ. 2023ಕ್ಕಿಂತ ಹಿಂದಿನ ಗಾಡಿಯಾದರೆ ಅದಕ್ಕೆ ಒಗ್ಗುವುದೇ ಎಂದು ಕೈಪಿಡಿಯಲ್ಲಿ ನೋಡಿ. ಸಿಯಾಜ್‌ನಂತೆ ತಯಾರಿಕೆ ನಿಂತ ಕಾರಾದರೆ ಬಿಡಿಭಾಗಗಳ ವಿಚಾರವನ್ನು ನಿಮ್ಮೂರಿನ ಮೆಕ್ಯಾನಿಕ್ಕನ್ನೇ ಕೇಳಿ.

ಕಾಗದವೇ ಕಾರು

ಹಣ ಕೊಟ್ಟು ಬೀಗದ ಕೈ ಪಡೆದರೆ ಕಾರು ನಮ್ಮದಾಯಿತೆಂದು ತಿಳಿಯುವವರು ಬಹಳ. ಕಾನೂನಿನ ಕಣ್ಣಿಗೆ ಹಾಗಲ್ಲ. ಆರ್.ಸಿ.ಯಲ್ಲಿ ಯಾರ ಹೆಸರಿದೆಯೋ ಅವರೇ ಒಡೆಯರು. ಹಲವು ಕೈ ಬದಲಿಸಿದ್ದ ಕಾರೊಂದರ ಅಪಘಾತದ ಮೊಕದ್ದಮೆಯಲ್ಲಿ, ದಾಖಲೆಯಲ್ಲಿ ಹೆಸರುಳ್ಳವನೇ ಹೊಣೆಗಾರನೆಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪಿತ್ತಿತು. ಆದ್ದರಿಂದ ಹಳೆಯ ಕಾರನ್ನು ಮಾರುವವರಿಗೂ ಈ ಮಾತು ಅಷ್ಟೇ ಮುಖ್ಯ.

ಒಡೆತನದ ವರ್ಗಾವಣೆಗೆ 29 ಮತ್ತು 30ನೆಯ ನಮೂನೆಗಳು ಬೇಕು. ರಾಜ್ಯದೊಳಗಾದರೆ ಮಾರಿದವನು 14 ದಿನಗಳೊಳಗೆ, ಕೊಂಡವನು 30 ದಿನಗಳೊಳಗೆ ಆರ್.ಟಿ.ಓ.ಗೆ ತಿಳಿಸಬೇಕು. ಹಿಂದಿನವರ ಬ್ಯಾಂಕಿನ ಸಾಲ ಆರ್.ಸಿ.ಯಲ್ಲಿ ನಮೂದಾಗಿದ್ದರೆ 35ನೆಯ ನಮೂನೆಯಿಂದ ಅದನ್ನು ತೆಗೆಸಬೇಕು. ವಿಮೆಯನ್ನು ಹೆಸರಿಗೆ ಮಾಡಿಸಿಕೊಳ್ಳಲು 14 ದಿನಗಳ ಅವಧಿ. ವಿಮೆಯಲ್ಲಿ ‘ನೋ ಕ್ಲೇಮ್ ಬೋನಸ್ಸು’ ಕಾರಿನದಲ್ಲ, ಒಡೆಯನದು. ಹಳೆಯ ಒಡೆಯನ ರಿಯಾಯಿತಿ ನಮಗೆ ಬಾರದು. ನಮ್ಮ ಹಳೆಯ ಕಾರಿನದನ್ನು ಮಾತ್ರ ನಾವು ಒಯ್ಯಬಹುದು.

ಅಮ್ಮನ ಪರೀಕ್ಷೆ

ಕಡೆಗೆ ನಾವು ಕೊಂಡದ್ದು ನಮ್ಮ ಜಿಲ್ಲೆಯಲ್ಲೇ ನಿವೃತ್ತ ಅಧಿಕಾರಿಯೊಬ್ಬರ ಬಳಿ ಇದ್ದ ಬೂದು ಬಣ್ಣದ ಸೆಡಾನ್. ವಯಸ್ಸು ನಾಲ್ಕು ವರ್ಷ, ಓಡಿದ್ದು 46 ಸಾವಿರ ಕಿಲೋಮೀಟರು. ಬಂಪರಿನ ಮೇಲೆ ಗೀರು, ಬಾಗಿಲಿನಲ್ಲಿ ಸಣ್ಣ ತಗ್ಗು. ಆದರೆ ಸರ್ವೀಸಿನ ಬಿಲ್ಲುಗಳೆಲ್ಲ ತಾರೀಖಿನ ಪ್ರಕಾರ ಒಂದೇ ಫೈಲಿನಲ್ಲಿದ್ದವು. ತಗ್ಗು ಬಿದ್ದುದು ಹೇಗೆಂಬುದನ್ನೂ ನಾವು ಕೇಳುವ ಮೊದಲೇ ಅವರು ಹೇಳಿದರು.

ಕೊನೆಯ ಪರೀಕ್ಷೆ ನಮ್ಮಮ್ಮನದು. ಸೆಡಾನಿನ ಸೀಟು ತಗ್ಗು. ಮಂಡಿ ನೋವಿನವರಿಗೆ ಕುಳಿತುಕೊಳ್ಳುವುದಕ್ಕಿಂತ ಏಳುವುದೇ ಕಷ್ಟ. ಇದನ್ನು ಯಾವ ಪುಸ್ತಿಕೆಯೂ ಹೇಳುವುದಿಲ್ಲ. ಅಮ್ಮ ಮೂರು ಸಲ ಹತ್ತಿದರು, ಮೂರು ಸಲ ಇಳಿದರು. ಮೂರನೆಯ ಸಲ, “ಹಿಡ್ಕೊಳ್ಳೋಕೆ ಮೇಲೆ ಹಿಡಿ ಐತೆ ಕಣಪ್ಪ, ಆಗುತ್ತೆ” ಎಂದರು. ಐವರೂ ಕುಳಿತು ಊರ ಹೊರಗಿನ ಹಂಪಿನ ಮೇಲೆ ಹೋಗಿ ಬಂದೆವು, ಅಡಿ ತಾಗಲಿಲ್ಲ. ನಡುವಿನ ಸೀಟಿನಲ್ಲಿ ಮಗಳಿಗೆ ಬೆಲ್ಟು ಬಿಗಿಯಿತು. ಈ ಮೂರು ಪರೀಕ್ಷೆಗಳನ್ನು, ಕಾರು ಹೊಸದಿರಲಿ ಹಳೆಯದಿರಲಿ, ಮನೆಯ ಮಂದಿಯನ್ನೆಲ್ಲ ಕರೆದೊಯ್ದು ಮಾಡಿಸದೆ ಯಾರೂ ಹಣ ಕೊಡಬಾರದು.

ಹಾಗಾದರೆ ಹೊಸ ಕಾರು ಕೊಳ್ಳುವುದೇ ತಪ್ಪೇ? ಖಂಡಿತ ಅಲ್ಲ. ಹತ್ತು ಹನ್ನೆರಡು ವರ್ಷ ಒಂದೇ ಕಾರನ್ನು ಇಟ್ಟುಕೊಳ್ಳುವವರಿಗೆ, ಸಾಲದ ಭಾರ ತಡೆಯಬಲ್ಲವರಿಗೆ, ನಂಬಬಹುದಾದ ಮೆಕ್ಯಾನಿಕ್ ಇಲ್ಲದವರಿಗೆ ಹೊಸದೇ ಲೇಸು. ಹೊಸ ಕಾರಿಗೆ ನಾವು ಹೆಚ್ಚು ಹಣ ಕೊಡುವುದು ಅದಕ್ಕೆ ಪೂರ್ವಕಥೆ ಇಲ್ಲವೆಂಬ ನೆಮ್ಮದಿಗಾಗಿ. ಹಳೆಯದರಲ್ಲಿ ಉಳಿಯುವ ಹಣ ಆ ಪೂರ್ವಕಥೆಯನ್ನು ಶ್ರಮಪಟ್ಟು ಓದಿದ್ದಕ್ಕೆ ದೊರೆಯುವ ಕೂಲಿ. ಓದದೆಯೇ ಕೂಲಿ ಬೇಕೆಂದು ಹೊರಟವರಿಗೆ ಆ ಬಿಳಿಯ ಕಾರು ಕಾದಿರುತ್ತದೆ.

ನಮ್ಮ ಬೂದು ಕಾರು ಅಂದಿನಿಂದ ಎಷ್ಟೋ ಸಲ ಶಿರಾಡಿಯನ್ನು ಹತ್ತಿ ಇಳಿದಿದೆ. ಬಾಗಿಲಿನ ತಗ್ಗನ್ನು ನಾನಿನ್ನೂ ಸರಿಮಾಡಿಸಿಲ್ಲ. ಹಿಂದಿನ ಸೀಟಿನಲ್ಲಿ ತಂದೆಯವರು ನಿದ್ದೆ ಹೋಗುತ್ತಾರೆ.