ತಿದ್ದಲಾಗದ ಲೆಕ್ಕ, ತಪ್ಪಿಸಿಕೊಳ್ಳಲಾಗದ ಹೊಣೆ: ಬ್ಲಾಕ್‌ಚೈನ್‌ನ ಒಳಹೊರಗು

1995ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವರ್ಗೀಕೃತ ಜಾಹೀರಾತುಗಳ ನಡುವೆ ವಾರಕ್ಕೊಮ್ಮೆ ಅಕ್ಷರ ಮತ್ತು ಅಂಕಿಗಳ ಒಂದು ಸಾಲು ಅಚ್ಚಾಗತೊಡಗಿತು. ಓದಿದರೆ ಏನೂ ಅರ್ಥವಾಗದ ಸಾಲು ಅದು. ಹಾಕಿಸುತ್ತಿದ್ದುದು ಶ್ಯೂರಿಟಿ ಎಂಬ ಕಂಪನಿ. ಅದರ ಹಿಂದಿದ್ದವರು ಸ್ಟುವರ್ಟ್ ಹೇಬರ್ ಮತ್ತು ಸ್ಕಾಟ್ ಸ್ಟೋರ್ನೆಟ್ಟಾ ಎಂಬ ಇಬ್ಬರು ಸಂಶೋಧಕರು. ಅವರ ತಲೆ ಹೊಕ್ಕಿದ್ದ ಪ್ರಶ್ನೆ ಇದು: ಕಾಗದದ ದಾಖಲೆಯನ್ನು ಕೆರೆದು ತಿದ್ದಿದರೆ ಕಲೆಯಾದರೂ ಉಳಿಯುತ್ತದೆ, ಕಂಪ್ಯೂಟರಿನ ಕಡತವನ್ನು ತಿದ್ದಿದರೆ ಸುಳಿವೇ ಸಿಗುವುದಿಲ್ಲ. ಹೀಗಿರುವಾಗ, ಒಂದು ಕಡತ ಇಂಥ ದಿನ ಹೀಗೇ ಇತ್ತು ಎಂದು ಮುಂದೊಮ್ಮೆ ತೋರಿಸಿಕೊಡುವುದು ಹೇಗೆ?

1991ರಲ್ಲಿ ಪ್ರಕಟವಾದ ಅವರ ಪ್ರಬಂಧದ ತಿರುಳು ಸರಳವಾಗಿತ್ತು. ಪ್ರತಿ ಕಡತದಿಂದ ಗಣಿತದ ಮೂಲಕ ಒಂದು ಗುರುತು ತೆಗೆಯಬೇಕು; ಆ ಗುರುತಿನೊಳಗೆ ಹಿಂದಿನ ಕಡತದ ಗುರುತನ್ನೂ ಸೇರಿಸುತ್ತ ಹೋಗಬೇಕು. ಪತ್ರಿಕೆಯಲ್ಲಿ ಅಚ್ಚಾಗುತ್ತಿದ್ದುದು ಆ ವಾರದ ಎಲ್ಲ ಗುರುತುಗಳ ಒಟ್ಟು ಸಾರ. ಆಮೇಲೆ ಯಾರಾದರೂ ಹಳೆಯ ಕಡತವೊಂದನ್ನು ಗುಟ್ಟಾಗಿ ತಿದ್ದಿದರೆ, ಗ್ರಂಥಾಲಯಗಳಲ್ಲಿ ಉಳಿದಿರುವ ಪತ್ರಿಕೆಯ ಪ್ರತಿಗಳೇ ಅವರ ವಿರುದ್ಧ ಸಾಕ್ಷಿ ಹೇಳುತ್ತವೆ. ಇಂದು ಬ್ಲಾಕ್‌ಚೈನ್ ಎಂದು ಹೆಸರಾಗಿರುವ ತಂತ್ರದ ಜೀವಾಳ ಇಷ್ಟೇ: ದಾಖಲೆಗಳನ್ನು ಒಂದಕ್ಕೊಂದು ಹೆಣೆಯುವುದು, ಹೆಣೆದದ್ದನ್ನು ಹಲವರ ಕೈಯಲ್ಲಿಡುವುದು.

ಗುರುತು ಹುಟ್ಟುವ ಬಗೆ

ಈ ಗುರುತಿಗೆ ಹ್ಯಾಶ್ ಎಂದು ಹೆಸರು. ಹೆಚ್ಚು ಬಳಕೆಯಲ್ಲಿರುವ ಸೂತ್ರ ಎಸ್‌ಎಚ್‌ಎ-256. ಅದಕ್ಕೆ ಒಂದು ಪದ ಕೊಟ್ಟರೂ ಇಡೀ ಕುಮಾರವ್ಯಾಸ ಭಾರತವನ್ನೇ ಕೊಟ್ಟರೂ ಹೊರಬರುವುದು 64 ಚಿಹ್ನೆಗಳ ಒಂದೇ ಸಾಲು. ಇಂಗ್ಲಿಷಿನ ‘ಹಲೋ’ ಪದವನ್ನು ಸಣ್ಣ ಅಕ್ಷರಗಳಲ್ಲಿ ಬರೆದು ಕೊಟ್ಟರೆ ಆ ಸಾಲಿನ ಮೊದಲ ಆರು ಚಿಹ್ನೆಗಳು 2, ಸಿ, ಎಫ್, 2, 4, ಡಿ. ಅದೇ ಪದದ ಮೊದಲ ಅಕ್ಷರವನ್ನು ಮಾತ್ರ ದೊಡ್ಡದಾಗಿ ಬರೆದರೆ 1, 8, 5, ಎಫ್, 8, ಡಿ. ಒಂದೇ ಅಕ್ಷರದ ಬದಲಾವಣೆಗೆ ಇಡೀ ಸಾಲು ಗುರುತು ಸಿಗದಷ್ಟು ಬದಲಾಗುತ್ತದೆ. ಕಡತ ಕೈಯಲ್ಲಿದ್ದರೆ ಹ್ಯಾಶ್ ತೆಗೆಯುವುದು ಕ್ಷಣದ ಕೆಲಸ; ಹ್ಯಾಶ್ ನೋಡಿ ಕಡತದಲ್ಲೇನಿತ್ತು ಎಂದು ಲೆಕ್ಕ ಹಾಕಿ ಹಿಂದಕ್ಕೆ ಹೋಗುವ ದಾರಿಯಿಲ್ಲ.

ಒಂದಷ್ಟು ವ್ಯವಹಾರಗಳನ್ನು ಸೇರಿಸಿ ಕಟ್ಟಿದ ಕಂತೆಯೇ ಬ್ಲಾಕ್. ಪ್ರತಿ ಬ್ಲಾಕ್ ತನ್ನೊಳಗೆ ಹಿಂದಿನ ಬ್ಲಾಕಿನ ಹ್ಯಾಶನ್ನು ಇಟ್ಟುಕೊಂಡಿರುತ್ತದೆ. ನೂರನೆಯ ಬ್ಲಾಕಿನಲ್ಲಿ ಒಂದು ಸೊನ್ನೆ ಬದಲಿಸಿದರೆ ಅದರ ಹ್ಯಾಶ್ ಬದಲಾಗುತ್ತದೆ, ಆಗ ನೂರೊಂದನೆಯದಕ್ಕೆ ತಾಳೆಯಾಗುವುದಿಲ್ಲ, ಅಲ್ಲಿಂದ ಮುಂದಿನ ಯಾವುದಕ್ಕೂ ತಾಳೆಯಾಗುವುದಿಲ್ಲ. ಒಂದು ಕಡೆ ಕೈಯಾಡಿಸಿದರೆ ಅಲ್ಲಿಂದ ಮುಂದಿನ ಸರಪಳಿಯನ್ನೆಲ್ಲ ಹೊಸದಾಗಿ ಹೆಣೆಯಬೇಕು.

ಎಲ್ಲರ ಬಳಿಯೂ ಒಂದು ಪ್ರತಿ

ಹೆಣೆದ ಸರಪಳಿ ಒಬ್ಬರ ಕಂಪ್ಯೂಟರಿನಲ್ಲೇ ಇದ್ದರೆ ಅವರು ಇಡಿಯಾಗಿ ಹೊಸದೊಂದನ್ನು ಹೆಣೆದಿಟ್ಟು ಸುಮ್ಮನಿರಬಹುದು. ಆದ್ದರಿಂದ ಪ್ರತಿಗಳು ಹಲವರ ಬಳಿ ಇರಬೇಕು. ಹಳ್ಳಿಯ ಸ್ತ್ರೀಶಕ್ತಿ ಸಂಘದ ವಾರದ ಸಭೆಯನ್ನು ನೆನೆದುಕೊಳ್ಳಿ. ಯಾರು ಎಷ್ಟು ಉಳಿತಾಯ ಕಟ್ಟಿದರು, ಯಾರ ಸಾಲದ ಕಂತು ಬಂತು ಎಂಬುದನ್ನು ಎಲ್ಲರೆದುರು ಓದಿ ಹೇಳುತ್ತಾರೆ. ಆ ಲೆಕ್ಕವನ್ನು ಹದಿನೈದು ಸದಸ್ಯೆಯರೂ ತಮ್ಮ ತಮ್ಮ ಪುಸ್ತಕದಲ್ಲಿ ಪೂರ್ತಿ ಬರೆದುಕೊಂಡರೆ, ಒಂದು ಪುಸ್ತಕದ ಹಾಳೆ ಹರಿದರೂ ಉಳಿದ ಹದಿನಾಲ್ಕು ಪುಸ್ತಕಗಳು ನಿಜ ಹೇಳುತ್ತವೆ. ಬ್ಲಾಕ್‌ಚೈನ್ ಜಾಲದಲ್ಲಿ ಈ ಪುಸ್ತಕಗಳ ಜಾಗದಲ್ಲಿ ಲೋಕದ ಬೇರೆ ಬೇರೆ ಮೂಲೆಗಳಲ್ಲಿರುವ ಸಾವಿರಾರು ಕಂಪ್ಯೂಟರುಗಳಿವೆ. ವ್ಯತ್ಯಾಸ ಒಂದೇ: ಸಂಘದ ಹೆಂಗಸರು ಒಬ್ಬರನ್ನೊಬ್ಬರು ಬಲ್ಲರು, ಜಾಲದಲ್ಲಿರುವವರಿಗೆ ಪರಸ್ಪರ ಪರಿಚಯವೂ ಇಲ್ಲ, ನಂಬಿಕೆಯೂ ಇಲ್ಲ.

ಪರಿಚಯವಿಲ್ಲದವರ ನಡುವೆ ಒಮ್ಮತ ಮೂಡಿಸುವ ಬಗೆಯನ್ನು 2008ರ ಅಕ್ಟೋಬರ್ 31ರಂದು ಸತೋಶಿ ನಕಮೊಟೊ ಎಂಬ ಹೆಸರಿನಲ್ಲಿ ಬಂದ ಒಂಬತ್ತು ಪುಟಗಳ ಬರಹ ಮುಂದಿಟ್ಟಿತು. ಆ ಹೆಸರಿನ ಹಿಂದೆ ಯಾರಿದ್ದಾರೆ ಎಂಬುದು ಇನ್ನೂ ಖಚಿತವಾಗಿಲ್ಲ. ಹೇಬರ್ ಮತ್ತು ಸ್ಟೋರ್ನೆಟ್ಟಾ ಅವರ ಕೆಲಸವನ್ನು ಆ ಬರಹ ಸ್ಪಷ್ಟವಾಗಿ ನೆನೆಯುತ್ತದೆ. ಆ ಬರಹದಿಂದ ಹುಟ್ಟಿದ ಡಿಜಿಟಲ್ ಹಣವೇ ಬಿಟ್‌ಕಾಯಿನ್. 2009ರ ಜನವರಿ 3ರ ದಿನಾಂಕ ಹೊತ್ತ ಅದರ ಮೊದಲ ಬ್ಲಾಕಿನಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಯ ಅಂದಿನ ತಲೆಬರಹವನ್ನು ಹುದುಗಿಸಲಾಗಿದೆ. ಅದು ಬ್ಯಾಂಕುಗಳನ್ನು ಎರಡನೆಯ ಬಾರಿ ಸರ್ಕಾರದ ಹಣದಿಂದ ಉಳಿಸಲು ಹೊರಟ ಸುದ್ದಿ. ಬ್ಯಾಂಕುಗಳ ಮೇಲಿನ ನಂಬಿಕೆ ಕುಸಿದಿದ್ದ ಹೊತ್ತಿನಲ್ಲಿ ಬ್ಯಾಂಕಿಲ್ಲದೆ ಲೆಕ್ಕ ಇಡುವ ಪ್ರಯತ್ನ ಹುಟ್ಟಿತು.

ಮುಂದಿನ ಬ್ಲಾಕ್ ಬರೆಯುವವರು ಯಾರು?

ಬಿಟ್‌ಕಾಯಿನ್‌ನಲ್ಲಿ ಈ ಅವಕಾಶಕ್ಕೆ ಪೈಪೋಟಿ ನಡೆಯುತ್ತದೆ. ಹ್ಯಾಶಿನ ಮುಂದೆ ಇಷ್ಟು ಸೊನ್ನೆಗಳು ಬರಬೇಕು ಎಂಬ ಷರತ್ತು ಇರುತ್ತದೆ. ಅದಕ್ಕೆ ಹೊಂದುವ ಸಂಖ್ಯೆಯೊಂದನ್ನು ಯಂತ್ರಗಳು ಬಿಡುವಿಲ್ಲದೆ ಹುಡುಕುತ್ತವೆ. ಸರಾಸರಿ ಹತ್ತು ನಿಮಿಷಕ್ಕೊಮ್ಮೆ ಯಾರಾದರೊಬ್ಬರಿಗೆ ಸಿಗುತ್ತದೆ. ಮೊದಲು ಕಂಡುಹಿಡಿದವರು ಬ್ಲಾಕ್ ಸೇರಿಸಿ ಬಹುಮಾನ ಪಡೆಯುತ್ತಾರೆ. ಆರಂಭದಲ್ಲಿ 50 ಬಿಟ್‌ಕಾಯಿನ್ ಇದ್ದ ಬಹುಮಾನ ನಾಲ್ಕು ವರ್ಷಕ್ಕೊಮ್ಮೆ ಅರ್ಧವಾಗುತ್ತ 2024ರ ಏಪ್ರಿಲ್‌ನಲ್ಲಿ 3.125ಕ್ಕೆ ಇಳಿದಿದೆ. ಹಳೆಯ ಲೆಕ್ಕ ತಿದ್ದಬೇಕಾದರೆ ಈ ಹುಡುಕಾಟವನ್ನೆಲ್ಲ ಮತ್ತೆ ಮಾಡಿ ಇಡೀ ಜಾಲವನ್ನು ಹಿಂದಿಕ್ಕಬೇಕು. ಅಷ್ಟು ವಿದ್ಯುತ್ತನ್ನು ಯಾರೂ ಸುಮ್ಮನೆ ಸುಡಲಾರರು.

ಇದೇ ಅದರ ದೊಡ್ಡ ದೋಷವೂ ಹೌದು. ಬಿಟ್‌ಕಾಯಿನ್ ಜಾಲ ನುಂಗುವ ವಿದ್ಯುತ್ತು ಒಂದಿಡೀ ದೇಶದ ಬಳಕೆಗೆ ಸಾಟಿಯಾಗುವಷ್ಟಿದೆ. ಅದಕ್ಕೇ ಈಥೀರಿಯಮ್ ಎಂಬ ಇನ್ನೊಂದು ದೊಡ್ಡ ಜಾಲ 2022ರ ಸೆಪ್ಟೆಂಬರ್ 15ರಂದು ದಾರಿ ಬದಲಿಸಿತು: ಯಂತ್ರಬಲದ ಬದಲು ಠೇವಣಿ. ಹಣ ಒತ್ತೆಯಿಟ್ಟವರು ಬ್ಲಾಕ್ ಸೇರಿಸುತ್ತಾರೆ, ಮೋಸ ಮಾಡಿದರೆ ಒತ್ತೆ ಕಳೆದುಕೊಳ್ಳುತ್ತಾರೆ. ಅದರ ವಿದ್ಯುತ್ ಬಳಕೆ ನೂರರಲ್ಲಿ ತೊಂಬತ್ತೊಂಬತ್ತು ಪಾಲಿಗಿಂತ ಹೆಚ್ಚು ತಗ್ಗಿತು. ಸರ್ಕಾರಗಳು ಮತ್ತು ಕಂಪನಿಗಳು ಬಳಸುವ ಬಹುತೇಕ ಬ್ಲಾಕ್‌ಚೈನ್‌ಗಳಲ್ಲಿ ಈ ಎರಡೂ ಇಲ್ಲ. ಅಲ್ಲಿ ಯಾರು ಬರೆಯಬಹುದು ಎಂಬ ಪಟ್ಟಿ ಮೊದಲೇ ಸಿದ್ಧವಾಗಿರುತ್ತದೆ. ಆ ಪಟ್ಟಿಯಲ್ಲಿ ಒಂದೇ ಹೆಸರಿದ್ದರೆ ಅದು ಹೆಸರಿಗೆ ಮಾತ್ರ ಬ್ಲಾಕ್‌ಚೈನ್.

ಪಹಣಿಯ ಮುಂದೆ ನಿಂತು ನೋಡಿದರೆ

ಜಮೀನಿನ ದಾಖಲೆಗಳನ್ನು ಬ್ಲಾಕ್‌ಚೈನ್‌ಗೆ ಹಾಕಿದರೆ ವ್ಯಾಜ್ಯಗಳೇ ಮುಗಿದವು ಎಂಬ ಮಾತು ಆಗಾಗ ಕೇಳಿಬರುತ್ತದೆ. ಕರ್ನಾಟಕಕ್ಕೆ ಈ ವಿಷಯದಲ್ಲಿ ಅನುಭವವಿದೆ. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. ಗ್ರಾಮಲೆಕ್ಕಿಗರ ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು; ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪ್ರತಿ ಸಿಗತೊಡಗಿತು. ಪಹಣಿಗಾಗಿ ಲೆಕ್ಕಿಗರ ಬೆನ್ನು ಹತ್ತಿ ಅಲೆಯುವ ಕಾಟ ತಪ್ಪಿತು. ಅದು ದೊಡ್ಡ ಗಳಿಕೆಯೇ ಸರಿ.

ಆದರೆ ಯಾವುದಾದರೊಂದು ಪಹಣಿಯ 9ನೇ ಕಾಲಂ ನೋಡಿ. ಎಷ್ಟೋ ಕಡೆ ಅಲ್ಲಿರುವುದು ತೀರಿಹೋದ ಅಜ್ಜನ ಹೆಸರು. ಪೌತಿ ಖಾತೆ ಆಗಿಯೇ ಇಲ್ಲ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡು ಉಳುತ್ತಿರುತ್ತಾರೆ. ಪೋಡಿ ಆಗದೆ ಸರ್ವೆ ನಂಬರ್ ಒಂದೇ ಉಳಿದಿರುತ್ತದೆ. 2005ರ ತಿದ್ದುಪಡಿ ಹಿಂದೂ ಅವಿಭಕ್ತ ಕುಟುಂಬದ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿದ್ದರೂ ಅವರ ಹೆಸರು ಕಾಲಮ್ಮಿಗೆ ಬಂದಿರುವುದಿಲ್ಲ. ಇಂಥ ಪಹಣಿಯನ್ನು ಇದ್ದ ಹಾಗೇ ಸರಪಳಿಗೆ ಹಾಕಿದರೆ ಆಗುವುದೇನು? ಹಳೆಯ ತಪ್ಪಿಗೆ ಅಳಿಸಲಾಗದ ಮುದ್ರೆ ಬೀಳುತ್ತದೆ. ಬರೆದ ಮೇಲೆ ತಿದ್ದದಂತೆ ಕಾಯುವುದು ಬ್ಲಾಕ್‌ಚೈನ್‌ನ ಕೆಲಸ. ಬರೆದದ್ದು ನಿಜವೇ ಎಂದು ವಿಚಾರಿಸುವುದು ಅದರ ಅಳವಿಗೆ ಮೀರಿದ್ದು. ಅದನ್ನು ಸರ್ವೆಯರ್, ಕಂದಾಯ ಅಧಿಕಾರಿ, ಊರಿನವರು, ಕೊನೆಗೆ ನ್ಯಾಯಾಲಯ ಮಾಡಬೇಕು.

ಜಾರ್ಜಿಯಾ ದೇಶ 2016ರಲ್ಲಿ ಬಿಟ್‌ಫ್ಯೂರಿ ಕಂಪನಿಯ ಜೊತೆಗೂಡಿ ಆಸ್ತಿ ದಾಖಲೆಗಳ ಹ್ಯಾಶ್‌ಗಳನ್ನು ಬಿಟ್‌ಕಾಯಿನ್ ಸರಪಳಿಗೆ ಸೇರಿಸತೊಡಗಿತು. ಅದಕ್ಕೂ ಮೊದಲೇ ಆ ದೇಶ ನೋಂದಣಿ ಇಲಾಖೆಯನ್ನು ಸುಧಾರಿಸಿ ದಾಖಲೆಗಳನ್ನು ಕಂಪ್ಯೂಟರಿಗೆ ತಂದಿತ್ತು. 2015ರಲ್ಲಿ ಇದೇ ಕನಸು ಹೊತ್ತು ಹೊರಟ ಹೊಂಡುರಾಸ್‌ನ ಯೋಜನೆ ಅಲ್ಲಿಗೇ ನಿಂತಿತು. ಮೊದಲು ದಾಖಲೆಗಳ ಶುದ್ಧಿ, ಆಮೇಲೆ ಬೀಗ: ಈ ಅನುಕ್ರಮ ತಪ್ಪಬಾರದು.

ಕಾಫಿ ಚೀಲ, ನಿರಾಶ್ರಿತರ ಕಣ್ಣು

2019ರ ಮಾರ್ಚ್‌ನಲ್ಲಿ ಭಾರತದ ಕಾಫಿ ಮಂಡಳಿ ಬ್ಲಾಕ್‌ಚೈನ್ ಆಧಾರಿತ ಕಾಫಿ ಮಾರುಕಟ್ಟೆಯನ್ನು ಪ್ರಾಯೋಗಿಕವಾಗಿ ಶುರುಮಾಡಿತು. ನೆರಳಿನಲ್ಲಿ ಬೆಳೆದು, ಕೈಯಿಂದ ಕುಯ್ದ ನಮ್ಮ ಕಾಫಿ ಯಾವ ತೋಟದ್ದು ಎಂಬುದು ಹೊರದೇಶದ ಕೊಳ್ಳುವವರಿಗೆ ಗೊತ್ತಾಗಲಿ, ಬೆಳೆಗಾರರಿಗೆ ಒಳ್ಳೆಯ ಬೆಲೆ ಸಿಗಲಿ ಎಂಬ ಆಶಯ ಅದರದು. ಆಶಯ ಒಳ್ಳೆಯದೇ. ಆದರೆ ಚೀಲದೊಳಗಿರುವುದು ಚಿಕ್ಕಮಗಳೂರಿನ ಅರೇಬಿಕಾ ಹೌದೇ ಎಂದು ಚೀಲ ಕಟ್ಟಿದವರೇ ಹೇಳಬೇಕು. ದೊಡ್ಡವರೆಲ್ಲ ಒಪ್ಪದಿದ್ದರೆ ಇಂಥ ಜಾಲ ನಿಲ್ಲುವುದೂ ಇಲ್ಲ. ಹಡಗು ಸಾಗಣೆಗೆಂದು ಮೆರ್ಸ್ಕ್ ಮತ್ತು ಐಬಿಎಂ 2018ರಲ್ಲಿ ಕಟ್ಟಿದ ಟ್ರೇಡ್‌ಲೆನ್ಸ್ ಎಂಬ ಬ್ಲಾಕ್‌ಚೈನ್ ಜಾಲವನ್ನು ಮುಚ್ಚುವುದಾಗಿ 2022ರಲ್ಲಿ ಘೋಷಿಸಬೇಕಾಯಿತು. ಉದ್ಯಮದ ಪೂರ್ಣ ಸಹಕಾರ ಅದಕ್ಕೆ ದಕ್ಕಲಿಲ್ಲ.

ಜೋರ್ಡಾನ್‌ನ ಅಜ್ರಾಕ್ ನಿರಾಶ್ರಿತರ ಶಿಬಿರದಲ್ಲಿ 2017ರಿಂದ ನಡೆದದ್ದು ಇನ್ನೊಂದು ಬಗೆ. ಸಿರಿಯಾದಿಂದ ಓಡಿಬಂದ ತಾಯಿ ಅಂಗಡಿಯಲ್ಲಿ ಎಣ್ಣೆ, ಬೇಳೆ ತೆಗೆದುಕೊಂಡು ಗಲ್ಲಾದ ಮುಂದಿನ ಯಂತ್ರಕ್ಕೆ ಕಣ್ಣು ತೋರಿಸುತ್ತಾಳೆ. ಆಕೆಯ ಪಾಲಿನ ಹಣದಿಂದ ಅಷ್ಟು ಕಳೆದು ಲೆಕ್ಕ ಸರಪಳಿಗೆ ಸೇರುತ್ತದೆ. ನಡುವಿನ ಬ್ಯಾಂಕಿಗೆ ಕೊಡಬೇಕಾಗಿದ್ದ ಶುಲ್ಕ, ಈ ನೆರವು ಕೊಡುವ ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮಕ್ಕೆ ಉಳಿಯಿತು. ಆದರೆ ಶುರುವಿನಲ್ಲಿ ಜಾಲ ನಡೆಸುತ್ತಿದ್ದುದು ಆ ಸಂಸ್ಥೆಯೊಂದೇ. ಹಸಿದು ನಿಂತವರು ‘ನನ್ನ ಕಣ್ಣಿನ ಗುರುತು ಕೊಡಲಾರೆ’ ಎಂದು ಹೇಳುವ ಸ್ಥಿತಿಯಲ್ಲೂ ಇರುವುದಿಲ್ಲ.

ತಪ್ಪಾದಾಗ ಯಾರ ಬಾಗಿಲು ತಟ್ಟಬೇಕು?

2016ರ ಜೂನ್‌ನಲ್ಲಿ ಈಥೀರಿಯಮ್ ಮೇಲೆ ನಡೆಯುತ್ತಿದ್ದ ‘ದಿ ಡಿಎಒ’ ಎಂಬ ನಿಧಿಯ ಪ್ರೋಗ್ರಾಮಿನಲ್ಲಿ ದೋಷ ಕಂಡುಕೊಂಡ ಯಾರೋ ಆ ಜಾಲದ ಹಣವಾದ ಈಥರ್ ಅನ್ನು ಸುಮಾರು 36 ಲಕ್ಷದಷ್ಟು ಎಳೆದುಕೊಂಡರು. ಪ್ರೋಗ್ರಾಮು ಬರೆದಂತೆಯೇ ನಡೆದಿತ್ತು. ಅಳಿಸಲಾಗದ ಲೆಕ್ಕ ಎಂದು ನಂಬಿದ್ದವರೇ ಆಗ ಸೇರಿ ಚರ್ಚಿಸಿ, ಜುಲೈನಲ್ಲಿ ನಿಯಮ ಬದಲಿಸಿ ಹಣ ಹಿಂದಿರುಗಿಸಿದರು. ಒಪ್ಪದವರು ಹಳೆಯ ಸರಪಳಿಯನ್ನೇ ‘ಈಥೀರಿಯಮ್ ಕ್ಲಾಸಿಕ್’ ಎಂದು ಮುಂದುವರಿಸಿದರು. ಸಂಕಟ ಬಂದಾಗ ನಿರ್ಧಾರ ಮಾಡಿದ್ದು ಮನುಷ್ಯರೇ.

ಸಾಮಾನ್ಯರಿಗೆ ಆ ಭಾಗ್ಯ ಸಿಗುವುದಿಲ್ಲ. ಬಿಟ್‌ಕಾಯಿನ್, ಈಥರ್‌ನಂಥ ಕ್ರಿಪ್ಟೊ ಹಣದ ಖಾತೆಯ ರಹಸ್ಯ ಕೀಲಿ ಕಳೆದುಹೋದರೆ ಹೊಸದು ಕೊಡುವ ಕಚೇರಿಯಿಲ್ಲ. ಸರಪಳಿ ಭದ್ರವಾಗಿದ್ದರೂ ಅದರ ಸುತ್ತಲಿನ ಅಂಗಡಿಗಳು ಭದ್ರವಲ್ಲ: 2022ರ ನವೆಂಬರ್‌ನಲ್ಲಿ ಎಫ್‌ಟಿಎಕ್ಸ್ ವಿನಿಮಯ ಕೇಂದ್ರ ಮುಳುಗಿತು, 2024ರ ಜುಲೈನಲ್ಲಿ ಭಾರತದ ವಜೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೊ ಕಳುವಾಯಿತು. ನಮ್ಮಲ್ಲಿ 2022ರ ಏಪ್ರಿಲ್‌ನಿಂದ ಕ್ರಿಪ್ಟೊ ಲಾಭಕ್ಕೆ ಶೇಕಡಾ 30ರ ತೆರಿಗೆ ಇದೆ. ತೆರಿಗೆ ಇದೆ ಎಂದ ಮಾತ್ರಕ್ಕೆ ಸರ್ಕಾರದ ಖಾತರಿ ಇದೆ ಎಂದಲ್ಲ. 2022ರ ಡಿಸೆಂಬರ್‌ನಲ್ಲಿ ಬೆಂಗಳೂರೂ ಸೇರಿದಂತೆ ನಾಲ್ಕು ನಗರಗಳಲ್ಲಿ ಜನಬಳಕೆಗೆ ಪ್ರಾಯೋಗಿಕವಾಗಿ ಬಂದ ಡಿಜಿಟಲ್ ರೂಪಾಯಿಯೇ ಬೇರೆ. ಅದು ರಿಸರ್ವ್ ಬ್ಯಾಂಕಿನ ಹಣ.

ಇನ್ನೊಂದು ಎಚ್ಚರವೂ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ನಮ್ಮ ವಿವರಗಳನ್ನು ತಿದ್ದಿಸುವ, ಅಳಿಸಿಸುವ ಹಕ್ಕನ್ನು ಕೊಟ್ಟಿದೆ. ಅಳಿಸಲಾಗದ ಸರಪಳಿಗೆ ಹೆಸರು, ಜಾತಿ, ಕಾಯಿಲೆ, ಸಾಲಗಳನ್ನು ನೇರವಾಗಿ ಬರೆದರೆ ಆ ಹಕ್ಕು ಕಾಗದದ ಮೇಲಷ್ಟೇ ಉಳಿಯುತ್ತದೆ. ವಿವರ ಹೊರಗಿರಬೇಕು, ಸರಪಳಿಯಲ್ಲಿ ಹ್ಯಾಶ್ ಮಾತ್ರ ಇರಬೇಕು. ಅಂಕಪಟ್ಟಿಯ ನಕಲಿ ಹಾವಳಿ ತಡೆಯುವಂಥ ಕೆಲಸಕ್ಕೆ ಈ ಕ್ರಮ ಚೆನ್ನಾಗಿ ಒಗ್ಗುತ್ತದೆ: ಪಟ್ಟಿ ಕೊಡುವವರು ಯಾರೆಂಬುದು ಖಚಿತ, ಕೊಟ್ಟ ಮೇಲೆ ಬದಲಾಗುವ ಅಗತ್ಯವೂ ಕಡಿಮೆ.

ಆದ್ದರಿಂದ ನಿಮ್ಮ ಸಹಕಾರ ಸಂಘಕ್ಕೋ ತಾಲ್ಲೂಕು ಕಚೇರಿಗೋ ಮಗಳ ಕಾಲೇಜಿಗೋ ಬ್ಲಾಕ್‌ಚೈನ್ ಬರುತ್ತದೆ ಎಂದಾಗ ಬೆರಗಾಗುವುದೂ ಬೇಡ, ಬೆದರುವುದೂ ಬೇಡ. ಮೂರು ಪ್ರಶ್ನೆ ಕೇಳಿ. ಇದರಲ್ಲಿ ಬರೆಯುವ ಅಧಿಕಾರ ಯಾರಿಗೆಲ್ಲ ಇದೆ? ತಪ್ಪು ಬಿದ್ದರೆ ಸರಿಪಡಿಸುವ ಹೊಣೆ ಯಾರದು, ಎಷ್ಟು ದಿನದೊಳಗೆ? ಮಾಮೂಲಿ ಕಂಪ್ಯೂಟರ್ ದಾಖಲೆಯಲ್ಲಿ ಆಗದ ಯಾವ ಕೆಲಸ ಇದರಿಂದ ಆಗುತ್ತದೆ? ಮೂರಕ್ಕೂ ನೇರ ಉತ್ತರ ಸಿಕ್ಕರೆ ಬೆಂಬಲಿಸಿ. ಸಿಗದಿದ್ದರೆ ಗ್ರಾಮಸಭೆಯಲ್ಲಿ, ಮಹಾಸಭೆಯಲ್ಲಿ ಎದ್ದು ನಿಂತು ಮತ್ತೆ ಕೇಳಿ. ಉತ್ತರ ನಡಾವಳಿ ಪುಸ್ತಕದಲ್ಲಿ ದಾಖಲಾಗುವವರೆಗೂ ಕುಳಿತುಕೊಳ್ಳಬೇಡಿ.