ಯಂತ್ರದ ಹಾಡು, ಮನುಷ್ಯನ ಎದೆಬಡಿತ

ಪ್ರಶ್ನೆ: ಇಂದಿನ ಡಿಜೆ ಸಂಗೀತದ ಯಂತ್ರದಂಥ ಲಯ ಎಲ್ಲಿಂದ ಬಂತು?

ಉತ್ತರ: ಬೇರುಗಳು ಹಲವು. ನನ್ನ ಮಟ್ಟಿಗೆ ತಾಯಿಬೇರು 1977ರ ‘ಐ ಫೀಲ್ ಲವ್’. ಹಾಡಿದವರು ಅಮೆರಿಕದ ಡೊನ್ನಾ ಸಮ್ಮರ್. ಹಾಡು ರೂಪುಗೊಂಡದ್ದು ಜರ್ಮನಿಯ ಮ್ಯೂನಿಕ್‌ನಲ್ಲಿ. ನಿರ್ಮಾಪಕರಾದ ಜಾರ್ಜಿಯೊ ಮೊರೊಡರ್ ಮತ್ತು ಪೀಟ್ ಬೆಲಾಟ್ ಬೇರೆ ಬೇರೆ ಕಾಲದ ಶೈಲಿಗಳ ಆಲ್ಬಂ ಮಾಡುತ್ತಿದ್ದರು. ಕೊನೆಯ ಹಾಡು ಭವಿಷ್ಯದ್ದು. ಹಾಗಾಗಿ ವಾದ್ಯವೃಂದ ಬಿಟ್ಟು ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಮೂಗ್ ಸಿಂಥಸೈಜರ್ ಹಿಡಿದರು.

ಅದು ಸುಲಭಕ್ಕೆ ಬಗ್ಗುವ ಯಂತ್ರವಲ್ಲ. ಕೆಲವೇ ಸೆಕೆಂಡುಗಳಲ್ಲಿ ಶ್ರುತಿ ತಪ್ಪುತ್ತಿತ್ತು. ನಿಲ್ಲಿಸಿ, ಮತ್ತೆ ಶ್ರುತಿ ಮಾಡಿ, ತುಣುಕು ತುಣುಕಾಗಿ ಟೇಪಿಗೆ ಇಳಿಸಬೇಕಿತ್ತು. ಬೇಸ್‌ನ ಪ್ರತಿ ಸ್ವರಕ್ಕೂ ಚೂರು ತಡವಾಗಿ ಪ್ರತಿಧ್ವನಿ ಸೇರಿಸಿದ್ದರಿಂದ ಓಟ ಇಮ್ಮಡಿಯಾಯಿತು. ಹೆಡ್‌ಫೋನ್ ಹಾಕಿ ಕೇಳಿ, ಸ್ವರಗಳು ಎಡಕಿವಿಗೂ ಬಲಕಿವಿಗೂ ಚೆಂಡಿನಂತೆ ಪುಟಿಯುತ್ತವೆ. ಯಂತ್ರದಿಂದ ಗಟ್ಟಿ ಗುದ್ದು ಮಾತ್ರ ಹೊರಡಲಿಲ್ಲ. ಆ ಕಿಕ್ ಡ್ರಮ್ಮನ್ನು ಡ್ರಮ್ಮರ್ ಕೀತ್ ಫೋರ್ಸಿ ಕಾಲಿನಿಂದಲೇ ನುಡಿಸಿದರು. ಯಂತ್ರದ ಹಾಡಿನ ಎದೆಬಡಿತ ಮನುಷ್ಯನದು! ನನಗಿದು ಇಂದಿಗೂ ಪುಳಕ.

ಬ್ರಿಟನ್ನಿನಲ್ಲಿ ಹಾಡು ಮೊದಲ ಸ್ಥಾನಕ್ಕೇರಿತು. ಕ್ಲಬ್ ಸಂಗೀತದ ಮುಂದಿನ ಸದ್ದು ಇದೇ ಎಂದು ಸಂಗೀತಗಾರ ಬ್ರಯಾನ್ ಈನೊ ಆಗಲೇ ಹೇಳಿದ್ದನ್ನು ಗಾಯಕ ಡೇವಿಡ್ ಬೋವಿ ನೆನೆದಿದ್ದರು. ನಂತರದ ನೃತ್ಯಸಂಗೀತದ ಶೈಲಿಗಳಾದ ಷಿಕಾಗೊದ ಹೌಸ್, ಡೆಟ್ರಾಯಿಟ್‌ನ ಟೆಕ್ನೊ ಎರಡರಲ್ಲೂ ಆ ಬೇಸ್‌ನ ಜಾಡು ಸಿಗುತ್ತದೆ.