ಓಡುವ ಉಗಿ ಎಂಜಿನುಗಳು: ಬ್ರಿಟನ್ನಿನ ನಿದರ್ಶನ

ಬ್ರಿಟನ್ನಿನ ರಾಷ್ಟ್ರೀಯ ರೈಲ್ವೆಯು ತನ್ನ ಮುಖ್ಯಮಾರ್ಗಗಳಲ್ಲಿ ಉಗಿ ಎಂಜಿನುಗಳ ಬಳಕೆಯನ್ನು 1968ರ ಆಗಸ್ಟ್ 11ರಂದು ಕೊನೆಗೊಳಿಸಿತು. ಅನಂತರ ಸಂರಕ್ಷಿತ ಎಂಜಿನುಗಳಿಗೂ ಆ ಹಳಿಗಳ ಮೇಲೆ ಬಹುಮಟ್ಟಿಗೆ ನಿಷೇಧವಿದ್ದಿತು. 1971ರ ಅಕ್ಟೋಬರಿನಲ್ಲಿ 'ಕಿಂಗ್ ಜಾರ್ಜ್ ದ ಫಿಫ್ತ್' ಎಂಬ ಎಂಜಿನು ಸಂಚರಿಸಿದ ಬಳಿಕ ಅದು ಕ್ರಮೇಣ ಸಡಿಲವಾಯಿತು. ಇಂದು ಇಂಥ ಎಂಜಿನುಗಳು ವಿಶೇಷ ಗಾಡಿಗಳನ್ನೆಳೆಯುತ್ತ ರಾಷ್ಟ್ರೀಯ ಮಾರ್ಗಗಳಲ್ಲಿಯೇ ಓಡುತ್ತವೆ. ಸಂಗ್ರಹಾಲಯದಲ್ಲಿ ಸುರಕ್ಷಿತವಾಗಿರಬಹುದಾದ ಯಂತ್ರವನ್ನು ಸವೆತಕ್ಕೆ ಒಡ್ಡುವುದೇಕೆ ಎಂಬ ಪ್ರಶ್ನೆ ವಿಚಾರಾರ್ಹವಾಗಿದೆ.

ಉತ್ತರವು ಯಂತ್ರದ ಸ್ವಭಾವದಲ್ಲಿಯೇ ಇದೆ. ಒಲೆಯ ಬಿಸಿ ಅನಿಲಗಳು ಬಾಯ್ಲರಿನೊಳಗಣ ಕೊಳವೆಗಳಲ್ಲಿ ಹಾಯ್ದು ನೀರನ್ನು ಉಗಿಯಾಗಿಸುತ್ತವೆ. ಪಿಸ್ಟನ್ನನ್ನು ತಳ್ಳಿ ಹೊರಬಿದ್ದ ಉಗಿಯು ಹೊಗೆಕೊಳವೆಯಲ್ಲಿ ರಭಸದಿಂದ ಮೇಲೇರುವಾಗ ಒಲೆಯೊಳಕ್ಕೆ ಗಾಳಿಯನ್ನು ಸೆಳೆಯುತ್ತದೆ. ಎಂಜಿನು ದುಡಿದಷ್ಟೂ ಬೆಂಕಿ ಪ್ರಜ್ವಲಿಸುತ್ತದೆ; ನಮಗೆ ಕೇಳುವ ಸದ್ದು ಈ ಉಸಿರಿನದೇ. ನಿಂತ ಎಂಜಿನಿನಲ್ಲಿ ಇದು ಕಾಣಿಸದು.

ಇದನ್ನು ನಡೆಸುವ ಕೌಶಲವೂ ಹಾಗೆಯೇ. ಸೆಟ್ಲ್–ಕಾರ್ಲೈಲ್ ಮಾರ್ಗದಲ್ಲಿ ನೂರು ಅಡಿಗೆ ಒಂದು ಅಡಿಯಂತೆ ಮೈಲಿಗಟ್ಟಲೆ ಏರುವ ಹಾದಿಯಿದೆ. ಏರು ತೊಡಗಿದ ಮೇಲೆ ಕಲ್ಲಿದ್ದಲು ಸುರಿದರೆ, ಅದು ಹೊತ್ತಿಕೊಳ್ಳುವಷ್ಟರಲ್ಲಿ ಉಗಿಯ ಒತ್ತಡ ಇಳಿದಿರುತ್ತದೆ. ಆದುದರಿಂದ ಫೈರ್‌ಮನ್ ಬೆಂಕಿಯನ್ನು ಮೊದಲೇ ಅಣಿಗೊಳಿಸಬೇಕು. ಬಾಯ್ಲರಿನಲ್ಲಿ ನೀರು ತೀರ ತಗ್ಗಿದರೆ ಸ್ಫೋಟದ ಭಯವೂ ಉಂಟು. ಇಂಥ ತಿಳಿವಳಿಕೆ ಗ್ರಂಥದಿಂದ ಪೂರ್ಣವಾಗಿ ಬಾರದು; ಬಲ್ಲವರ ಪಕ್ಕದಲ್ಲಿ ನಿಂತು ಕಲಿಯಬೇಕು. ಓಟ ನಿಂತರೆ ಈ ವಿದ್ಯೆ ಒಂದೆರಡು ತಲೆಮಾರುಗಳಲ್ಲಿ ಅಳಿದುಹೋಗುತ್ತದೆ.

ಆದರೆ ಓಡುವ ಯಂತ್ರಕ್ಕೆ ಹೊಸ ಭಾಗಗಳು ಬೇಕಾಗುತ್ತವೆ. 1923ರಲ್ಲಿ ನಿರ್ಮಿತವಾದ 'ಫ್ಲೈಯಿಂಗ್ ಸ್ಕಾಟ್ಸ್‌ಮನ್' ದೀರ್ಘ ದುರಸ್ತಿಯ ಬಳಿಕ 2016ರಲ್ಲಿ ಮತ್ತೆ ಹಳಿಗಿಳಿಯಿತು. ಹೀಗೆ ಭಾಗಗಳನ್ನು ಬದಲಿಸುತ್ತ ಹೋದರೆ ಉಳಿಯುವುದು ಮೂಲವಸ್ತುವೇ ಎಂಬ ಆಕ್ಷೇಪಣೆ ಅಲಕ್ಷಿಸತಕ್ಕುದಲ್ಲ. ದುಡಿಮೆಯ ಕಾಲದಲ್ಲಿಯೂ ಒಂದು ಎಂಜಿನಿನ ಬಾಯ್ಲರನ್ನು ಮತ್ತೊಂದಕ್ಕೆ ಜೋಡಿಸುವುದು ವಾಡಿಕೆಯಾಗಿತ್ತೆಂಬುದು ಇದಕ್ಕೆ ಒಂದು ಸಮಾಧಾನ. 2008ರಲ್ಲಿ ಡಾರ್ಲಿಂಗ್ಟನ್ನಿನಲ್ಲಿ ಪೂರ್ಣಗೊಂಡ 'ಟೊರ್ನೇಡೊ' ಇನ್ನೂ ಮುಂದೆ ಹೋಗಿದೆ: ಅದರ ವರ್ಗದ 49 ಎಂಜಿನುಗಳೂ ಗುಜರಿಗೆ ಹೋಗಿದ್ದುವು, ಇದನ್ನು ಹೊಸದಾಗಿಯೇ ಕಟ್ಟಲಾಯಿತು. ಇಲ್ಲಿ ಹಳೆಯ ಲೋಹವಿಲ್ಲ, ಹಳೆಯ ವಿದ್ಯೆಯಿದೆ.

1938ರಲ್ಲಿ ಗಂಟೆಗೆ 126 ಮೈಲಿ ವೇಗದಲ್ಲಿ ಓಡಿ ದಾಖಲೆ ಸ್ಥಾಪಿಸಿದ 'ಮ್ಯಾಲರ್ಡ್' ಯಾರ್ಕಿನ ಸಂಗ್ರಹಾಲಯಕ್ಕೆ ಸೇರಿದೆ. ನಿಂತ ಎಂಜಿನು ವಸ್ತುವಿನ ಸಾಕ್ಷ್ಯವನ್ನು ಕಾಯುತ್ತದೆ. ಓಡುವ ಎಂಜಿನು ವಿದ್ಯೆಯನ್ನು ಕಾಯುತ್ತದೆ. ಯಂತ್ರೇತಿಹಾಸದ ವಿದ್ಯಾರ್ಥಿಗೆ ಎರಡೂ ಆಕರಗಳೇ; ಒಂದರ ಕೆಲಸವನ್ನು ಮತ್ತೊಂದು ಮಾಡಲಾರದು.